ಸಂಶೋಧನಾ ಅನುದಾನದ ಅರ್ಜಿಗೆ ಡೇಟಾ ನಿರ್ವಹಣಾ ಯೋಜನೆ ಬರೆಯುವುದು ಹೇಗೆ?

ಸಂಗ್ರಹಿಸುವ ಡೇಟಾವನ್ನು ಹೇಗೆ ಇಡುತ್ತೀರಿ, ಹೇಗೆ ಹಂಚುತ್ತೀರಿ ಎಂದು ಹೇಳುವ ಈ ಯೋಜನೆಗೆ ಸಾಮಾನ್ಯವಾಗಿ ಎರಡು ಪುಟ ಸಾಕು, ಆದರೆ ಲೆಕ್ಕ ಖಚಿತವಾಗಿರಲಿ. ‘ಡೇಟಾವನ್ನು ಸುರಕ್ಷಿತವಾಗಿ ಇಡುತ್ತೇವೆ’ ಎಂದರೆ ಪರಿಶೀಲಿಸುವವರಿಗೆ ಏನೂ ಹೇಳಿದಂತಲ್ಲ. ಹೀಗೆ ಬರೆಯಿರಿ: ‘ತಲಾ ಒಂದು ಗಂಟೆಯ 40 ಸಂದರ್ಶನಗಳು, ಸ್ಟೀರಿಯೊ ವೇವ್ ಫೈಲುಗಳಲ್ಲಿ ಸುಮಾರು 25 ಜಿಬಿ; ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಕಟ್ಟಡದಲ್ಲಿ.’ ಬ್ಯಾಕಪ್ ಯಾರ ಹೊಣೆ ಎಂಬುದನ್ನೂ ಹುದ್ದೆಸಮೇತ ಹೇಳಿ.

ಬಹಳಷ್ಟು ಮಂದಿ ಎಡವುವುದು ಸಂದರ್ಶನ ಕೊಡುವವರು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ. ಅದರಲ್ಲಿ ‘ಕೊನೆಗೆ ಧ್ವನಿಮುದ್ರಿಕೆ ಅಳಿಸುತ್ತೇವೆ’ ಎಂದಿರುತ್ತದೆ, ಯೋಜನೆಯಲ್ಲಿ ‘ಎಲ್ಲರಿಗೂ ಮುಕ್ತ’ ಎಂದು! ಸಹಿ ಹಾಕಿಸಿಕೊಂಡ ಮೇಲೆ ತಿದ್ದುವುದು ಕಷ್ಟ. ಮೊದಲೇ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಕೊನೆಗೆ ಡೇಟಾ ಇಡುವ ಆನ್‌ಲೈನ್ ಭಂಡಾರದ ಹೆಸರು ಬರೆಯಿರಿ. ಜೆನೊಡೊ ಎಂಬ ಭಂಡಾರವಾದರೆ ಡಿಒಐ, ಅಂದರೆ ಡೇಟಾವನ್ನು ಉಲ್ಲೇಖಿಸಲು ಬಳಸುವ ಶಾಶ್ವತ ಗುರುತಿನ ಸಂಖ್ಯೆ, ಸಿಗುತ್ತದೆ. ಕೋಷ್ಟಕಗಳಿಗೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಸರಳ ಪಠ್ಯ ಫೈಲು), ಜೊತೆಗೊಂದು ರೀಡ್‌ಮಿ (ಫೈಲುಗಳಲ್ಲಿ ಏನಿದೆ ಎಂದು ವಿವರಿಸುವ ಟಿಪ್ಪಣಿ). ಡೇಟಾದಿಂದ ಜನರ ಹೆಸರು, ಗುರುತು ತೆಗೆಯುವ ಕೆಲಸಕ್ಕೆ ತಗಲುವ ಕೂಲಿಯನ್ನು ಬಜೆಟ್‌ನಲ್ಲಿ ಈಗಲೇ ಸೇರಿಸಿ.