ಮೂರು ಗರ್ಭಪಾತಗಳ ನಂತರ ‘ಫ್ಯಾಕ್ಟರ್ ಫೈವ್ ಲೈಡನ್’ ಎಂದು ವರದಿ ಬಂದಿದೆ; ಇದನ್ನು ಹೇಗೆ ಎದುರಿಸುವುದು?

ಮೂರು ಬಾರಿ ಗರ್ಭಪಾತವಾದ ಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ‘ಫ್ಯಾಕ್ಟರ್ ಫೈವ್ ಲೈಡನ್, ಹೆಟಿರೋಜೈಗಸ್’ (ರಕ್ತ ಹೆಪ್ಪುಗಟ್ಟುವ ಒಲವನ್ನು ಸ್ವಲ್ಪ ಹೆಚ್ಚಿಸುವ ಒಂದು ಜೀನ್ ಬದಲಾವಣೆ) ಎಂದು ಬಂದಿದೆ, ಮುಂದಿನ ಬಾರಿ ಬಸಿರು ಗೊತ್ತಾದ ದಿನದಿಂದಲೇ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಇಂಜೆಕ್ಷನ್ ತೆಗೆದುಕೊಳ್ಳಬೇಕೆಂದು ಹೇಳಿದ್ದಾರೆ, ಅದರಿಂದ ಮಗು ಉಳಿಯುತ್ತದೆಯೇ, ನನ್ನ ರಕ್ತವೇ ನನ್ನ ಮಕ್ಕಳನ್ನು ಕೊಂದಿತು ಎಂಬ ಯೋಚನೆಯಿಂದ ಹೊರಬರುವುದು ಹೇಗೆ ಎಂದು ನೀವು ಕೇಳಿದ್ದೀರಿ. ನಾನು ವೈದ್ಯೆಯಲ್ಲ; ಶಿವಮೊಗ್ಗದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಆದರೆ ಇದೇ ಹೆಸರು ಬರೆದ ಕಾಗದ 2018ರಲ್ಲಿ ನನ್ನ ಕೈಗೂ ಬಂದಿತ್ತು, ಅದೂ ಮೂರನೆಯ ಗರ್ಭಪಾತದ ನಂತರವೇ. ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ: ನನಗೆ 2021ರಲ್ಲಿ ಹುಟ್ಟಿದ ಮಗಳಿದ್ದಾಳೆ. ಇಂತಹ ಬರಹಗಳು ಸಿಕ್ಕಾಗ ನಾನು ನೇರವಾಗಿ ಕೊನೆಯ ಸಾಲಿಗೆ ಹೋಗಿ, ಬರೆದವರಿಗೆ ಮಗುವಾಯಿತೇ ಇಲ್ಲವೇ ಎಂದು ನೋಡಿಕೊಂಡು ಆಮೇಲೆ ಮೇಲಿನಿಂದ ಓದುತ್ತಿದ್ದೆ. ನಿಮಗೆ ಆ ಕಾತರ ಬೇಡ.

ವರದಿ ಬಂದ ದಿನ ನನಗೆ ಆದದ್ದು ದುಃಖವಲ್ಲ, ಸಮಾಧಾನ. ಎಂಟನೆಯ ವಾರ, ಹತ್ತನೆಯ ವಾರ, ಮತ್ತೆ ಎಂಟನೆಯ ವಾರ, ಹೀಗೆ ಮೂರು ಸಲವೂ ಸ್ಕ್ಯಾನಿಂಗ್ ಕೋಣೆಯಲ್ಲಿ ಪರದೆಯನ್ನು ನನ್ನ ಕಡೆಯಿಂದ ಮೆಲ್ಲಗೆ ತಿರುಗಿಸಿ “ಹಾರ್ಟ್‌ಬೀಟ್ ಕಾಣ್ತಿಲ್ಲಮ್ಮ” ಎಂದಷ್ಟೇ ಹೇಳಿದ್ದರು. ಕಾರಣ ಕೇಳಿದರೆ ಯಾರಲ್ಲಿಯೂ ಉತ್ತರವಿರಲಿಲ್ಲ. ಕಾರಣವಿಲ್ಲದ ಜಾಗದಲ್ಲಿ ಜನ ತಮಗೆ ತೋಚಿದ ಕಾರಣವನ್ನು ಇಟ್ಟುಬಿಡುತ್ತಾರೆ. ನಾನು ಸ್ಕೂಟರಿನಲ್ಲಿ ಶಾಲೆಗೆ ಹೋದದ್ದು, ಪಪ್ಪಾಯಿ ತಿಂದಿರಬಹುದಾದದ್ದು, ಮನೆತನದ ಸರ್ಪದೋಷ, ಎಲ್ಲವೂ ಬಂದವು. ಅತ್ತೆಯವರ ಆಸೆಯಂತೆ ಕುಕ್ಕೆಗೆ ಹೋಗಿ ಸರ್ಪಸಂಸ್ಕಾರವನ್ನೂ ಮಾಡಿಸಿದೆವು. ಆ ಎರಡು ದಿನ ನನ್ನ ಗಂಡ ನನ್ನ ಪಕ್ಕದಲ್ಲಿ ಕುಳಿತು ಮೊದಲ ಬಾರಿಗೆ ಅತ್ತರು, ಅದಕ್ಕಾಗಿಯಾದರೂ ಹೋದದ್ದು ಒಳ್ಳೆಯದಾಯಿತೆಂದು ಇಂದಿಗೂ ಅನ್ನಿಸುತ್ತದೆ. ಇಷ್ಟೆಲ್ಲ ಆದ ಮೇಲೆ ಪ್ರಯೋಗಾಲಯದವರು ಕಾರಣಕ್ಕೊಂದು ಹೆಸರು ಕೊಟ್ಟಾಗ ಅದನ್ನು ನಾನು ಎರಡೂ ಕೈಗಳಿಂದ ಹಿಡಿದುಕೊಂಡೆ. ಹೆಸರಿದ್ದರೆ ಮದ್ದೂ ಇರುತ್ತದೆ ಎಂದುಕೊಂಡೆ.

ಮದ್ದನ್ನು ಕೊಟ್ಟರು ಕೂಡ. 2019ರಲ್ಲಿ ನಾಲ್ಕನೆಯ ಬಾರಿ ಬಸಿರಾದಾಗ ದಿನಕ್ಕೊಂದು 40 ಮಿಲಿಗ್ರಾಂ ಎನಾಕ್ಸಪರಿನ್ (ಹೆಪಾರಿನ್‌ನದೇ ಒಂದು ಬಗೆ) ಇಂಜೆಕ್ಷನ್, ಜೊತೆಗೆ ಕಡಿಮೆ ಪ್ರಮಾಣದ ಆ್ಯಸ್ಪಿರಿನ್ ಮಾತ್ರೆ. ಹೊಟ್ಟೆಯ ಚರ್ಮವನ್ನು ಎರಡು ಬೆರಳುಗಳಲ್ಲಿ ಎತ್ತಿ ಹಿಡಿದು ಚುಚ್ಚುವುದನ್ನು, ಚುಚ್ಚಿದ ಮೇಲೆ ಉಜ್ಜಬಾರದೆಂಬುದನ್ನು, ಸಿರಿಂಜಿನೊಳಗಿನ ಗಾಳಿಯ ಗುಳ್ಳೆಯನ್ನು ಹೊರಹಾಕಬಾರದೆಂಬುದನ್ನು ನನ್ನ ಗಂಡ ನರ್ಸ್ ಒಬ್ಬರಿಂದ ಕಲಿತುಕೊಂಡರು. ಹೊಕ್ಕುಳಿನ ಎರಡೂ ಬದಿ ನೀಲಿ ಕಲೆಗಳಾದವು. ಸೀರೆ ಉಡುವಾಗ ಅವು ಕಾಣದಂತೆ ಸೆರಗು ಎಳೆದುಕೊಳ್ಳುವುದು ಅಭ್ಯಾಸವಾಯಿತು. ಒಂಬತ್ತನೆಯ ವಾರದಲ್ಲಿ ಆ ಗರ್ಭವೂ ನಿಂತುಹೋಯಿತು.

ಈ ಸಲ ಬೆಂಗಳೂರಿನ ವೈದ್ಯೆಯೊಬ್ಬರು ಗರ್ಭದ ಅಂಗಾಂಶವನ್ನು ಕ್ರೋಮೋಸೋಮ್ ಪರೀಕ್ಷೆಗೆ ಕಳುಹಿಸಿದರು. ಹಿಂದಿನ ಮೂರು ಸಲ ಈ ಪರೀಕ್ಷೆಯ ಮಾತನ್ನೇ ಯಾರೂ ಎತ್ತಿರಲಿಲ್ಲ. ಫಲಿತಾಂಶ ‘ಟ್ರೈಸೊಮಿ 16’, ಅಂದರೆ ಎರಡಿರಬೇಕಾದ ಹದಿನಾರನೆಯ ಕ್ರೋಮೋಸೋಮ್ ಮೂರಿದ್ದವು. ಗರ್ಭಪಾತಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಟ್ರೈಸೊಮಿ ಇದೇ ಎಂದೂ, ಮೊದಲ ಮೂರು ತಿಂಗಳೊಳಗೆ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇಂತಹ ಕ್ರೋಮೋಸೋಮ್ ವ್ಯತ್ಯಾಸಗಳೇ ಕಾರಣವೆಂದೂ, ಅದು ಅಂಡ ಮತ್ತು ವೀರ್ಯಾಣು ಕೂಡುವ ಹೊತ್ತಿಗಾಗಲೇ ಬಹುತೇಕ ನಿರ್ಧಾರವಾಗಿರುತ್ತದೆ, ಯಾವ ಇಂಜೆಕ್ಷನ್ನೂ ಅದನ್ನು ತಿದ್ದಲಾರದು ಎಂದೂ ಅವರು ವಿವರಿಸಿದರು. “ಹಾಗಾದರೆ ಫ್ಯಾಕ್ಟರ್ ಫೈವ್?” ಎಂದು ಕೇಳಿದೆ. “ಅದು ನಿಮ್ಮಲ್ಲಿ ಇರುವುದು ನಿಜ. ಆದರೆ ಇರುವುದೆಲ್ಲ ಕಾರಣವೇ ಆಗಬೇಕೆಂದಿಲ್ಲವಲ್ಲ” ಎಂದರು. ಇದನ್ನೇ ನಾನು ಪ್ರತಿ ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಸಂಖ್ಯಾಶಾಸ್ತ್ರದ ಪಾಠದಲ್ಲಿ ಹೇಳುತ್ತೇನೆ. ನನ್ನ ಮಟ್ಟಿಗೆ ಅದು ಹೊಳೆದಿರಲಿಲ್ಲ.

ಫ್ಯಾಕ್ಟರ್ ಫೈವ್ ಲೈಡನ್ ಎಂಬ ಈ ಜೀನ್ ರೂಪಾಂತರ ನಿಜವಾಗಿ ಏನು ಮಾಡುತ್ತದೆ ಎಂದು ನಿಧಾನವಾಗಿ ತಿಳಿದುಕೊಂಡದ್ದು ನನಗೆ ಬೇರೆಲ್ಲಕ್ಕಿಂತ ಹೆಚ್ಚು ಧೈರ್ಯ ಕೊಟ್ಟಿತು. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ರೋಟೀನುಗಳಲ್ಲಿ ಫ್ಯಾಕ್ಟರ್ ಫೈವ್ ಒಂದು. ಕೆಲಸ ಮುಗಿದ ಮೇಲೆ ಅದನ್ನು ನಿಲ್ಲಿಸಲು ದೇಹದಲ್ಲಿ ಪ್ರೋಟೀನ್ ಸಿ ಎಂಬ ಇನ್ನೊಂದು ಇದೆ. ಅದು ಫ್ಯಾಕ್ಟರ್ ಫೈವ್ ಅನ್ನು ನಿಗದಿತ ಜಾಗಗಳಲ್ಲಿ ಕತ್ತರಿಸಿ ಸುಮ್ಮನಾಗಿಸುತ್ತದೆ. ನಮ್ಮಂಥವರಲ್ಲಿ ಅಂತಹ ಒಂದು ಜಾಗದ ರಚನೆ ಬದಲಾಗಿರುವುದರಿಂದ ಕತ್ತರಿಸುವುದು ತಡವಾಗುತ್ತದೆ, ಹೆಪ್ಪುಗಟ್ಟುವ ಒಲವು ಸ್ವಲ್ಪ ಹೆಚ್ಚುತ್ತದೆ, ಅಷ್ಟೇ. ಪ್ರೋಟೀನ್ ಸಿ ಹೀಗೆ ಸರಿಯಾಗಿ ಕೆಲಸ ಮಾಡದ ಕುಟುಂಬಗಳನ್ನು 1993ರಲ್ಲಿ ಸ್ವೀಡನ್ನಿನಲ್ಲಿ ಬ್ಯೋರ್ನ್ ಡಾಲ್‌ಬೆಕ್ ಗುರುತಿಸಿದರು. ಮರುವರ್ಷ ನೆದರ್ಲೆಂಡ್ಸಿನ ಲೈಡನ್ ನಗರದ ಸಂಶೋಧಕರು ಅದರ ಹಿಂದಿನ ಜೀನ್ ಬದಲಾವಣೆಯನ್ನು ಪತ್ತೆ ಮಾಡಿದ್ದರಿಂದ ಆ ಊರಿನ ಹೆಸರೇ ಉಳಿಯಿತು. ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು ಐದು ಮಂದಿಯಲ್ಲಿ ಇದರ ಒಂದು ಪ್ರತಿ ಇರುತ್ತದೆ, ಭಾರತೀಯರಲ್ಲಿ ಅದಕ್ಕಿಂತ ಕಡಿಮೆ. ಒಂದೇ ಪ್ರತಿ ಇರುವ ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆಯೂ ರಕ್ತನಾಳದಲ್ಲಿ ಹೆಪ್ಪುಗಟ್ಟುವುದಿಲ್ಲ. ನಿಮ್ಮ ವರದಿಯಲ್ಲಿರುವ ‘ಹೆಟಿರೋಜೈಗಸ್’ ಎಂಬ ಪದದ ಅರ್ಥ ಆ ಒಂದೇ ಪ್ರತಿ ಎಂದು. ಹೆದರಿಸುವಂತೆ ಕಾಣುವ ಆ ಪದ ವಾಸ್ತವವಾಗಿ ಸೌಮ್ಯವಾದ ಸುದ್ದಿ.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ, ಇಂಜೆಕ್ಷನ್‌ನಿಂದ ಮಗು ಉಳಿಯುತ್ತದೆಯೇ ಎಂಬುದು. 2023ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ‘ಅಲೈಫ್ 2’ ಎಂಬ ಅಧ್ಯಯನ ಪ್ರಕಟವಾಯಿತು. ಬ್ರಿಟನ್, ನೆದರ್ಲೆಂಡ್ಸ್, ಅಮೆರಿಕ, ಬೆಲ್ಜಿಯಂ ಮತ್ತು ಸ್ಲೊವೇನಿಯಾಗಳ 326 ಮಹಿಳೆಯರು ಅದರಲ್ಲಿದ್ದರು. ಎಲ್ಲರಿಗೂ ಕನಿಷ್ಠ ಎರಡು ಬಾರಿ ಗರ್ಭ ಹೋಗಿತ್ತು, ಎಲ್ಲರಲ್ಲಿಯೂ ಹುಟ್ಟಿನಿಂದ ಬಂದ ಇಂತಹ ಹೆಪ್ಪುಗಟ್ಟುವ ಒಲವು ಖಚಿತವಾಗಿತ್ತು. ಹೆಪಾರಿನ್ ಪಡೆದ ಗುಂಪಿನಲ್ಲಿ ನೂರಕ್ಕೆ ಸುಮಾರು 72 ಮಂದಿಗೆ, ಪಡೆಯದ ಗುಂಪಿನಲ್ಲಿ ನೂರಕ್ಕೆ ಸುಮಾರು 71 ಮಂದಿಗೆ ಜೀವಂತ ಮಗು ಹುಟ್ಟಿತು. ಅಂದರೆ ಇಂಜೆಕ್ಷನ್‌ನಿಂದ ವ್ಯತ್ಯಾಸವಾಗಲಿಲ್ಲ. ಇದನ್ನು ಓದಿದಾಗ ನನ್ನ ಮಗಳಿಗೆ ಎರಡು ವರ್ಷ ತುಂಬಿತ್ತು. ನಾನು ಕಣ್ಣಿಟ್ಟು ನೋಡಿದ್ದು ಎರಡನೆಯ ಸಂಖ್ಯೆಯನ್ನು. ನೀವೂ ಅದನ್ನೇ ನೋಡಬೇಕೆಂದು ನನ್ನ ಕೋರಿಕೆ. ನಮ್ಮಂತೆಯೇ ಕಳೆದುಕೊಂಡವರು, ನಮ್ಮಂಥದೇ ರಕ್ತ ಇರುವವರು, ಹೆಪಾರಿನ್ ಇಲ್ಲದೆಯೇ ಹತ್ತರಲ್ಲಿ ಏಳು ಮಂದಿ ಮಗುವನ್ನು ಮನೆಗೆ ಕರೆದುಕೊಂಡು ಹೋಗಿದ್ದಾರೆ. ಈ ರಕ್ತ ಮಕ್ಕಳನ್ನು ಕೊಲ್ಲುವಂಥದ್ದಾಗಿದ್ದರೆ ಆ ಸಂಖ್ಯೆ ಹಾಗಿರಲು ಸಾಧ್ಯವಿರಲಿಲ್ಲ.

ಆದರೆ ಇದರ ಆಧಾರದ ಮೇಲೆ ವೈದ್ಯರು ಬರೆದುಕೊಟ್ಟ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹೆಪಾರಿನ್ ಅನ್ನು ಗರ್ಭ ಉಳಿಸುವುದಕ್ಕಲ್ಲದೆ ತಾಯಿಯ ರಕ್ಷಣೆಗಾಗಿಯೂ ಕೊಡುತ್ತಾರೆ. ನಿಮಗೆ ಹಿಂದೆ ಹೆಪ್ಪುಗಟ್ಟಿದ್ದರೆ ಅಥವಾ ಮನೆಯಲ್ಲಿ ಹತ್ತಿರದವರಿಗೆ ಹಾಗಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ಇನ್ನೂ ಮುಖ್ಯವಾದದ್ದು, ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್‌ನ (ದೇಹದ ರೋಗನಿರೋಧಕ ವ್ಯವಸ್ಥೆಯೇ ರಕ್ತ ಹೆಪ್ಪುಗಟ್ಟಿಸುವಂಥ ಪ್ರತಿಕಾಯಗಳನ್ನು ತಯಾರಿಸುವ ಸ್ಥಿತಿ) ಪರೀಕ್ಷೆಗಳು ನಿಮಗೆ ಆಗಿವೆಯೇ ಎಂದು ನೋಡಿ. ಲೂಪಸ್ ಆ್ಯಂಟಿಕೊಯಾಗ್ಯುಲಂಟ್, ಆ್ಯಂಟಿಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್ ಎಂಬ ಈ ಮೂರನ್ನು ಮಾಡಿಸಬೇಕು, ಯಾವುದಾದರೂ ಪಾಸಿಟಿವ್ ಬಂದರೆ ಕನಿಷ್ಠ 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಇದು ಹುಟ್ಟಿನಿಂದ ಬಂದ ರೂಪಾಂತರವಲ್ಲ, ಆಮೇಲೆ ಉಂಟಾಗುವ ಸ್ಥಿತಿ. ಗರ್ಭಪಾತಕ್ಕೂ ಇದಕ್ಕೂ ಇರುವ ನಂಟು ಗಟ್ಟಿಯಾದದ್ದು, ಮತ್ತು ಇದರಲ್ಲಿ ಆ್ಯಸ್ಪಿರಿನ್ ಜೊತೆ ಹೆಪಾರಿನ್ ಕೊಡುವುದಕ್ಕೆ ಆಧಾರವಿದೆ. 1997ರಲ್ಲಿ ಲಂಡನ್ನಿನಲ್ಲಿ ಇಂತಹ 90 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಆ್ಯಸ್ಪಿರಿನ್ ಮಾತ್ರ ಪಡೆದವರಲ್ಲಿ ನೂರಕ್ಕೆ 42 ಮಂದಿಗೆ, ಎರಡನ್ನೂ ಪಡೆದವರಲ್ಲಿ ನೂರಕ್ಕೆ 71 ಮಂದಿಗೆ ಮಗುವಾಗಿತ್ತು. ಎರಡು ಸ್ಥಿತಿಗಳ ಹೆಸರೂ ಒಂದೇ ವರದಿಯ ಒಂದೇ ಪುಟದಲ್ಲಿ ಬರುವುದರಿಂದ ಎಷ್ಟೋ ಮಂದಿ ಒಂದರ ಭಯವನ್ನು ಇನ್ನೊಂದಕ್ಕೆ ಹಚ್ಚಿಕೊಳ್ಳುತ್ತಾರೆ.

ನಿಮ್ಮ ವರದಿಯಲ್ಲಿ ‘ಎಂಟಿಎಚ್ಎಫ್ಆರ್’ (ದೇಹ ಫೋಲಿಕ್ ಆ್ಯಸಿಡ್ ಬಳಸಿಕೊಳ್ಳುವುದಕ್ಕೆ ಸಂಬಂಧಿಸಿದ ಜೀನ್) ಎಂಬುದೂ ಪಾಸಿಟಿವ್ ಎಂದಿದ್ದರೆ ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ನನ್ನದರಲ್ಲೂ ಇತ್ತು. ಅದು ಬಹಳ ಸಾಮಾನ್ಯವಾದ ವ್ಯತ್ಯಾಸ. ಪದೇಪದೇ ಗರ್ಭಪಾತವಾದವರಿಗೆ ಅದನ್ನು ಪರೀಕ್ಷಿಸುವುದೇ ಬೇಡವೆಂದು ಅಮೆರಿಕದ ವೈದ್ಯಕೀಯ ತಳಿಶಾಸ್ತ್ರಜ್ಞರ ಸಂಸ್ಥೆ 2013ರಲ್ಲೇ ಹೇಳಿದೆ. ಎಲ್ಲರೂ ತೆಗೆದುಕೊಳ್ಳುವ ಫೋಲಿಕ್ ಆ್ಯಸಿಡ್ ಮಾತ್ರೆಯನ್ನು ಬಸಿರಿಗೆ ಮೊದಲೇ ಆರಂಭಿಸಿ, ಮತ್ತು ನೀವು ಸಸ್ಯಾಹಾರಿಯಾಗಿದ್ದರೆ ಬಿ12 ಪರೀಕ್ಷಿಸಿಕೊಳ್ಳಿ. ಪ್ರೋಟೀನ್ ಸಿಗೆ ನೆರವಾಗುವ ಪ್ರೋಟೀನ್ ಎಸ್ ಕಡಿಮೆ ಎಂದು ಬಂದಿದ್ದರೆ ರಕ್ತ ಕೊಟ್ಟ ದಿನಾಂಕ ನೋಡಿ: ಬಸಿರಿನಲ್ಲಿ ಅದರ ಮಟ್ಟ ತಾನಾಗಿಯೇ ಇಳಿಯುತ್ತದೆ.

ಹಾಗಾದರೆ ಈ ರೂಪಾಂತರವನ್ನು ಮರೆತುಬಿಡಬಹುದೇ ಎಂದರೆ, ಇಲ್ಲ. ಅದು ನಿಮ್ಮ ಕಾಲು ಮತ್ತು ಶ್ವಾಸಕೋಶಗಳ ರಕ್ತನಾಳಗಳಲ್ಲಿ ಹೆಪ್ಪು ಸೇರಿಕೊಳ್ಳಬಹುದೆಂಬ ಎಚ್ಚರಿಕೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನಮಗೆ ಆಗದು. ಯಾವ ಶಸ್ತ್ರಚಿಕಿತ್ಸೆಗೂ ಮುನ್ನ ಈ ವಿಷಯ ಹೇಳಬೇಕು. ದೀರ್ಘ ಪ್ರಯಾಣದಲ್ಲಿ ಎದ್ದು ಓಡಾಡಬೇಕು. ಒಂದೇ ಕಾಲು ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಳ್ಳುವುದು, ಎದೆನೋವು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ಮನೆಯವರಿಗೆ ಹೇಳುವಾಗ ನಾನು ಒಂದು ತಪ್ಪು ಮಾಡಿದೆ. “ರಕ್ತದಲ್ಲಿ ದೋಷವಿದೆಯಂತೆ” ಎಂದುಬಿಟ್ಟೆ. ದೋಷ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಎಷ್ಟು ತೂಕವಿದೆ ಎಂಬುದು ನಿಮಗೂ ಗೊತ್ತು. ಒಂದು ವಾರದೊಳಗೆ ಅದು ನೆಂಟರ ಮನೆಗಳಲ್ಲೆಲ್ಲ ತಿರುಗಿ ‘ಹುಡುಗಿಯ ರಕ್ತವೇ ಸರಿ ಇಲ್ಲ’ ಎಂದಾಗಿ ನನ್ನ ಕಿವಿಗೆ ಬಂತು. ಇದಕ್ಕಿಂತ ನೋವಾದದ್ದು ನನ್ನ ಅಪ್ಪನ ವಿಷಯದಲ್ಲಿ. ಇದು ತಾಯಿಯಿಂದಲೋ ತಂದೆಯಿಂದಲೋ ಬರುತ್ತದೆ ಎಂದಾಗ, ಹಿಂದೊಮ್ಮೆ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದ ಅಪ್ಪ ಏನೂ ಮಾತಾಡದೆ ಜಗಲಿಗೆ ಹೋಗಿ ಕುಳಿತರು. ರಾತ್ರಿ ಊಟಕ್ಕೆ ಕರೆದಾಗ “ನನ್ನಿಂದ ಬಂತಾ ಮಗಾ ಇದು?” ಎಂದರು. ನನ್ನನ್ನೇ ನಾನು ಎರಡು ವರ್ಷ ಕೇಳಿಕೊಂಡಿದ್ದ ಪ್ರಶ್ನೆಯನ್ನು ಬೇರೊಬ್ಬರ ಬಾಯಿಂದ ಕೇಳಿದಾಗ ಅದು ಎಷ್ಟು ಅನ್ಯಾಯದ್ದೆಂದು ನನಗೆ ಮೊದಲ ಸಲ ಕಂಡಿತು. ಅಪ್ಪನ ಮೇಲೆ ನಾನು ಹೊರಿಸಲಾರದ ತಪ್ಪನ್ನು ನನ್ನ ಮೇಲೆ ಮಾತ್ರ ಏಕೆ ಹೊರಿಸಿಕೊಂಡಿದ್ದೆ? ನೀವು ಹೇಳುವಾಗ ‘ಗುಣ’ ಎನ್ನಿ, ಕಣ್ಣಿನ ಬಣ್ಣದ ಹಾಗೆ ಬಂದದ್ದು ಎನ್ನಿ. ಒಡಹುಟ್ಟಿದವರಿಗೆ ಖಂಡಿತ ತಿಳಿಸಿ. ಅವರಲ್ಲೂ ಇರುವ ಸಾಧ್ಯತೆ ಅರ್ಧದಷ್ಟು.

ನನ್ನ ಅಮ್ಮ ಮಾಡಿದ ಒಂದು ಕೆಲಸವನ್ನೂ ಹೇಳಬೇಕು. ಮಗು ಬಂದರೆ ಬಾಣಂತನ ಉಂಟು, ಮಗು ಹೋದರೆ ಮೂರನೆಯ ದಿನ ಪಾತ್ರೆ ತೊಳೆಯುವುದು ಎಂಬಂತಾಗಿದೆ ನಮ್ಮಲ್ಲಿ. ನಾಲ್ಕನೆಯ ಸಲ ಅಮ್ಮ ಬಂದು, ಯಾರನ್ನೂ ಕೇಳದೆ, ಹತ್ತು ದಿನ ನನಗೆ ಬಾಣಂತನ ಮಾಡಿದರು: ಬಿಸಿನೀರಿನ ಸ್ನಾನ, ಮೆಣಸಿನ ಸಾರು, ಕಿವಿಗೆ ಹತ್ತಿ. ನನ್ನ ದೇಹ ಒಂದು ಮಗುವನ್ನು ಹೊತ್ತಿತ್ತು ಎಂಬುದನ್ನು ಒಪ್ಪಿಕೊಂಡವರು ಅವರೊಬ್ಬರೇ ಎನ್ನಿಸಿತು. ನಿಮಗೆ ಹಾಗೆ ಮಾಡುವವರಿದ್ದರೆ ಬೇಡವೆನ್ನಬೇಡಿ. ಸೀಮಂತದ ಕರೆಗಳಿಗೆ ಹೋಗಲಾಗದಿದ್ದರೆ ಹೋಗಬೇಡಿ. ನಾನು ಎರಡು ವರ್ಷ ಹೋಗಲಿಲ್ಲ.

ಐದನೆಯ ಬಸಿರಿನಲ್ಲಿ ರಕ್ತತಜ್ಞರೂ ಪ್ರಸೂತಿತಜ್ಞೆಯೂ ಕೂಡಿ ಮಾತಾಡಿ, ಹೆರಿಗೆಯವರೆಗೆ ಇಂಜೆಕ್ಷನ್ ಬೇಡ, ಅಪ್ಪನಿಗೆ ಹೆಪ್ಪುಗಟ್ಟಿದ್ದರಿಂದ ಹೆರಿಗೆಯ ನಂತರ ಆರು ವಾರ ಸಾಕು ಎಂದು ತೀರ್ಮಾನಿಸಿದರು. ಇಂಜೆಕ್ಷನ್ ಇಲ್ಲವೆಂದಾಗ ಕಾವಲಿಲ್ಲದ ಮನೆಯಲ್ಲಿ ಮಲಗಿದಂತಾಗುತ್ತಿತ್ತು. ಹದಿನಾಲ್ಕನೆಯ ವಾರದವರೆಗೆ ಪ್ರತಿ ಸ್ಕ್ಯಾನಿಗೂ ನಾನು ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ. ನನಗೆ ಹೀಗಾಯಿತೆಂಬುದು ನಿಮಗೂ ಹೀಗೇ ಆಗುತ್ತದೆ ಎಂಬುದಕ್ಕೆ ಪುರಾವೆಯಲ್ಲ. ನಿಮ್ಮ ಮುಂದಿನ ಭೇಟಿಯಲ್ಲಿ ಈ ಇಂಜೆಕ್ಷನ್ ಗರ್ಭಕ್ಕಾಗಿಯೋ ನನಗಾಗಿಯೋ ಎಂದು ಕೇಳಿ. ಇನ್ನೊಮ್ಮೆ ಹೀಗಾದರೆ ಅಂಗಾಂಶವನ್ನು ಪರೀಕ್ಷೆಗೆ ಕಳುಹಿಸುವಿರಾ ಎಂದು, ಕೇಳಲು ಎಷ್ಟೇ ಕಷ್ಟವಾದರೂ, ಈಗಲೇ ಕೇಳಿಟ್ಟುಕೊಳ್ಳಿ. ಗಂಡನನ್ನು ಜೊತೆಗೆ ಕರೆದುಕೊಂಡು ಹೋಗಿ, ಉತ್ತರಗಳನ್ನು ಅವರು ಬರೆದುಕೊಳ್ಳಲಿ.