ಉತ್ತರ: ಸಂಜೆಯ ಕನ್ನಡ ತರಗತಿಯಲ್ಲಿ ಬಾಯಿ ಬಿಡದ ಕಲಿಕಾರ್ಥಿಗಳ ಬಗ್ಗೆ

ಅಕ್ಕೋರೇ, ಕೈಗಾದಿಂದಲೂ ಅರಗಾ ನೌಕಾನೆಲೆಯಿಂದಲೂ ನಿಮ್ಮ ತರಗತಿಗೆ ಬರುವ ಹಿಂದಿ ಭಾಷಿಕರು ಅಂಗಡಿಯ ಫಲಕ ಓದುವಷ್ಟು ಕಲಿತರೂ ಮಾತನಾಡಲು ಹಿಂಜರಿಯುತ್ತಾರೆ ಎಂದು ಬರೆದಿದ್ದೀರಿ. ಅವರು ಪೇಟೆಯಲ್ಲಿ ತುಸು ತಡವರಿಸಿದರೆ ಸಾಕು, ಕಾರವಾರದವರಾದ ನಾವೇ ಹಿಂದಿಗೆ ಹೊರಳಿಬಿಡುತ್ತೇವೆ. ಹೀಗಾಗಿ ಕನ್ನಡ ಆಡಲೇಬೇಕಾದ ಜಾಗ ಅವರಿಗೆ ನಿಮ್ಮ ತರಗತಿಯೊಂದೇ.

ಇಪ್ಪತ್ತು ಜನರನ್ನು ಒಬ್ಬೊಬ್ಬರಾಗಿ ಮಾತನಾಡಿಸಿದರೆ, ನೀವು ತುಟಿ ಬಿಚ್ಚದಿದ್ದರೂ, ಒಂದು ಗಂಟೆಯಲ್ಲಿ ತಲೆಗೆ ಮೂರೇ ನಿಮಿಷ. ಆದ್ದರಿಂದ ಜೋಡಿ ಮಾಡಿ ಕೂರಿಸಿರಿ. ಬರೆದಿಟ್ಟ ಸಂಭಾಷಣೆಯನ್ನು ಒಪ್ಪಿಸುವುದನ್ನು ನಾನು ಮಾತೆಂದು ಎಣಿಸುವುದಿಲ್ಲ. ಕೇಳದೆ ತಿಳಿಯದ ವಿಷಯವೊಂದು ಇಬ್ಬರ ನಡುವೆ ಇರಬೇಕು. ಒಬ್ಬರ ಚೀಟಿಯಲ್ಲಿ ಬಂಗಡೆ, ತಾರ್ಲೆಗಳ ದರವಿರಲಿ, ಇನ್ನೊಬ್ಬರದರಲ್ಲಿ ಇಸ್ವಾಣ, ಸಿಗಡಿಗಳದ್ದು. ಚೀಟಿ ತೋರಿಸದೆ, ಐನೂರು ರೂಪಾಯಿಯಲ್ಲಿ ನಾಲ್ವರ ಊಟಕ್ಕೆ ಏನು ಕೊಳ್ಳಬೇಕೆಂದು ಇಬ್ಬರೂ ಸೇರಿ ತೀರ್ಮಾನಿಸಲಿ. (ಮೀನು ತಿನ್ನದವರಿಗೆ ರವಿವಾರದ ಸಂತೆಯ ತರಕಾರಿಯಾದೀತು.)

ಮಾತು ಸರಾಗವಾಗಲು ಕೀತ್ ಮಾರಿಸ್ 1983ರಲ್ಲಿ ವಿವರಿಸಿದ 4-3-2 ಕ್ರಮ ಒಳ್ಳೆಯದು. ಒಂದೇ ಸಂಗತಿಯನ್ನು ಮೊದಲ ಕೇಳುಗರಿಗೆ ನಾಲ್ಕು ನಿಮಿಷದಲ್ಲಿ, ಎರಡನೆಯವರಿಗೆ ಮೂರರಲ್ಲಿ, ಮೂರನೆಯವರಿಗೆ ಎರಡರಲ್ಲಿ ಹೇಳಬೇಕು. ಕೇಳುಗರು ಬದಲಾಗುವುದರಿಂದ ಬೇಸರವಾಗುವುದಿಲ್ಲ, ಮೂರನೆಯ ಸಲಕ್ಕೆ ಪದಕ್ಕಾಗಿ ತಡಕಾಡುವುದೂ ಕಡಿಮೆಯಾಗುತ್ತದೆ. ಹೊಸಬರಿಗೆ ನಾಲ್ಕು ನಿಮಿಷ ಹೆಚ್ಚಾಯಿತು, ಎರಡರಿಂದ ಆರಂಭಿಸಿರಿ.

ತಿದ್ದುವಲ್ಲಿ ನಾನು ಬಹಳ ಕಾಲ ಎಡವಿದ್ದೇನೆ. "ನಾನು ಚಹಾ ಬೇಕು" ಎಂದವರಿಗೆ "ಓ, ನಿಮಗೆ ಚಹಾ ಬೇಕೇ?" ಎಂದು ಮೆತ್ತಗೆ ಸರಿಪಡಿಸಿದರೆ ಅವರು ತಲೆಯಾಡಿಸಿ ಮುಂದೆ ಹೋಗುತ್ತಾರೆ, ತಪ್ಪು ಅಲ್ಲೇ ಉಳಿಯುತ್ತದೆ. ಕೆನಡಾದ ಫ್ರೆಂಚ್ ತರಗತಿಗಳನ್ನು ಗಮನಿಸಿ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಶಿಕ್ಷಕರು ಅತಿ ಹೆಚ್ಚು ಬಳಸಿದ್ದು ಈ ರೀತಿಯನ್ನೇ, ಕಲಿಯುವವರು ಅತಿ ಕಡಿಮೆ ಸ್ಪಂದಿಸಿದ್ದೂ ಇದಕ್ಕೇ. "ಯಾರಿಗೆ ಬೇಕು?" ಎಂದು ಕೇಳಿ ಸುಮ್ಮನಿರಿ, "ನನಗೆ" ಎಂದು ಅವರೇ ತಿದ್ದಿಕೊಳ್ಳುತ್ತಾರೆ. ಆದರೆ ಕಥೆ ಹೇಳುವವರನ್ನು ನಡುವೆ ತಡೆಯಬಾರದು, ತಪ್ಪುಗಳನ್ನು ಗುರುತು ಹಾಕಿಕೊಂಡು ಕೊನೆಯ ಹತ್ತು ನಿಮಿಷದಲ್ಲಿ ಹೆಸರೆತ್ತದೆ ಹಲಗೆಯ ಮೇಲೆ ಬರೆಯಿರಿ.

ಉಚ್ಚಾರಣೆಯಲ್ಲಿ, ಹಿಂದಿಯಲ್ಲಿ ಹ್ರಸ್ವ ಎಕಾರ, ಒಕಾರಗಳು ಬೇರೆ ಅಕ್ಷರಗಳಾಗಿ ಇಲ್ಲದ್ದರಿಂದ "ಕೊಡಿ" ಎಂಬುದು "ಕೋಡಿ" ಆಗುತ್ತದೆ. "ಕೋಡಿಬಾಗಕ್ಕೆ ಎರಡು ಟಿಕೆಟ್ ಕೊಡಿ" ಎಂಬ ಒಂದೇ ವಾಕ್ಯದಲ್ಲಿ ಇದಕ್ಕೆ ಬೇಕಾದ ಅಭ್ಯಾಸವೆಲ್ಲ ಸಿಗುತ್ತದೆ.

ತಿಂಗಳಿಗೊಮ್ಮೆ ಅವರನ್ನು ಮೀನುಪೇಟೆಗೂ ಕರೆದೊಯ್ಯಿರಿ; ಆದರೆ ಹಿಂದಿನ ದಿನವೇ ಪರಿಚಯದ ಇಬ್ಬರು ಮೀನು ಮಾರುವ ಬಾಯಿಯರ ಬಳಿ ಹೋಗಿ, ಇವರೊಡನೆ ಹಿಂದಿಯಾಗಲಿ ಕೊಂಕಣಿಯಾಗಲಿ ಆಡಕೂಡದೆಂದು ಹೇಳಿಟ್ಟಿರಬೇಕು.