ಸಣ್ಣ ಡ್ಯಾಂನಲ್ಲಿ ಗಾಳಕ್ಕೆ ಜಿಲೇಬಿ (ತಿಲಾಪಿಯಾ) ಬಿಟ್ಟು ಬೇರೆ ಮೀನು ಯಾಕೆ ಬೀಳುವುದಿಲ್ಲ?

ಏರಿಯ ಕಲ್ಲಿನ ಮೇಲೆ ಕೂತು ಎರೆಹುಳು ಸಿಕ್ಕಿಸಿ ಗಾಳ ಹಾಕಿದರೆ ಬರೀ ಅಂಗೈಯಗಲದ ಜಿಲೇಬಿ ಬರುತ್ತವೆ ಅಂತ ಬರೆದಿದ್ದೀರಿ. ಉತ್ತರವೂ ಅದರಲ್ಲೇ ಇದೆ. ಏರಿಯ ಕಲ್ಲು, ಎರೆಹುಳು ಎರಡೂ ಜಿಲೇಬಿಗೆ ಹೇಳಿ ಮಾಡಿಸಿದ್ದು.

ನಮ್ಮದು ಕುಣಿಗಲ್ ಕಡೆ. ಶಿಂಷಾ ನದಿಯ ಮಾರ್ಕೋನಹಳ್ಳಿ ಡ್ಯಾಂನಲ್ಲಿ ಚಡ್ಡಿ ಹಾಕುವ ಕಾಲದಿಂದ ಗಾಳ ಹಿಡಿದಿದ್ದೇನೆ. ಅಲ್ಲಿ ನೀರು ತುಂಬಿದರೆ ಯಾರೂ ಗೇಟು ಎತ್ತಬೇಕಿಲ್ಲ, ಸೈಫನ್‌ನಲ್ಲಿ ತಾನೇ ಹೊರಗೆ ಹಾರುತ್ತದೆ. ಅದನ್ನು ನೋಡೋಕೆ ಜನ ಬರುತ್ತಾರೆ. ನಾನು ಆ ಗದ್ದಲ ಬಿಟ್ಟು ಹಿನ್ನೀರಿಗೆ ಹೋಗುತ್ತೇನೆ. ನೀವೂ ಅದನ್ನೇ ಮಾಡಿ.

ಜಿಲೇಬಿ ಆಫ್ರಿಕಾದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದಿದ್ದು. ನಿಂತ ನೀರಲ್ಲೇ ಮರಿ ಮಾಡುತ್ತದೆ, ತಾಯಿ ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುತ್ತದೆ. ಕಾಟ್ಲಾ, ರೋಹುಗೆ ಮೊಟ್ಟೆ ಇಡಲು ಹರಿಯುವ ಹೊಸ ನೀರು ಬೇಕು. ಸಣ್ಣ ಡ್ಯಾಂಗಳಲ್ಲಿ ಇರುವುದು ಹೆಚ್ಚಾಗಿ ಯಾರೋ ತಂದು ಬಿಟ್ಟ ಮರಿಗಳು. ಹಾಗಾಗಿ ಎಲ್ಲಿ ನೋಡಿದರೂ ಜಿಲೇಬಿಯೇ. ಕಾಟ್ಲಾ ಮೇಲಿನ ನೀರಲ್ಲಿ ಸಣ್ಣ ಸಣ್ಣ ಜೀವಿ ಸೋಸಿ ತಿನ್ನುವ ಮೀನು, ನಿಮ್ಮ ಹುಳು ಅದಕ್ಕೆ ಬೇಡ. ಸುಮ್ನೆ ಕಾಯಬೇಡಿ. ಗೆಂಡೆಗೆ, ಅಂದರೆ ಕಾಮನ್ ಕಾರ್ಪ್‌ಗೆ ಹೋಗಿ.

ಗೆಂಡೆ ಕೆಸರು ಕೆದಕುತ್ತದೆ. ಹಿನ್ನೀರಲ್ಲಿ ಹಳೇ ಗದ್ದೆ ಮುಳುಗಿದ ಜಾಗ, ಸೊಂಟದಿಂದ ಎದೆಮಟ್ಟದ ನೀರು, ಬೆಳಗ್ಗೆ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದರೆ ಅಲ್ಲೇ ಕೂರಿ. ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಸೇರಿಸಿ ಉಂಡೆ ಕಟ್ಟಿ ನಾಲ್ಕೈದು ಎಸೆಯಿರಿ. ಅರ್ಧ ಗಂಟೆ ಗಾಳ ಹಾಕಬೇಡಿ, ಇದೇ ಕಷ್ಟದ ಕೆಲಸ! ಕೊಕ್ಕೆಗೂ ಅದೇ ಹಿಟ್ಟು, ಬಿಸಿನೀರಲ್ಲಿ ಗಟ್ಟಿಯಾಗಿ ನಾದಿದ್ದು. ಒಂದೆಳೆ ಹತ್ತಿ ಸೇರಿಸಿದರೆ ನೀರಲ್ಲಿ ಬೇಗ ಕರಗುವುದಿಲ್ಲ. ಹಿಟ್ಟು ತಳ ಮುಟ್ಟಬೇಕು.

ಇನ್ನು ಗಾಳದ ದಾರಕ್ಕೆ ಕಟ್ಟಿ ತೇಲಿಬಿಡುವ ಬೆಂಡು ನೋಡಿ. ನನ್ನದು ಜೋಳದ ದಂಟಿನ ಬೆಂಡು. ಜಿಲೇಬಿ ಆದರೆ ಅದು ಟಕಟಕ ಕುಣಿಯುತ್ತದೆ. ಗೆಂಡೆ ಹಾಗಲ್ಲ. ನೆಟ್ಟಗೆ ನಿಂತ ಬೆಂಡು ಮೊದಲು ಸ್ವಲ್ಪ ಮೇಲೇಳುತ್ತದೆ, ಕೆಲವು ಸಲ ಅಡ್ಡ ಮಲಗುತ್ತದೆ. ತಳದಲ್ಲಿ ಹಿಟ್ಟಿನ ಜೊತೆ ದಾರಕ್ಕೆ ಕಟ್ಟಿದ ಸೀಸದ ಗುಂಡನ್ನೂ ಮೀನು ಎತ್ತಿದೆ ಅಂತ ಅರ್ಥ. ಆಮೇಲೆ ಓರೆಯಾಗಿ ಮೆಲ್ಲಗೆ ಜಾರುತ್ತದೆ. ಆಗ ಎಳೆಯಿರಿ, ಮುಂಚೆ ಅಲ್ಲ. ನಾನು ಮೊದಲ ದೊಡ್ಡ ಗೆಂಡೆ ಕಳೆದುಕೊಂಡಿದ್ದು ಬೆಂಡು ಎದ್ದ ತಕ್ಷಣ ಎಳೆದೇ. ಕೊಕ್ಕೆಯಲ್ಲಿ ಒಂದು ಹುರುಪೆ ಮಾತ್ರ ಬಂತು, ಎಂಟಾಣೆಯಷ್ಟು ದೊಡ್ಡದು.

ಹೋಗುವ ಮೊದಲು ಊರಲ್ಲಿ ವಿಚಾರಿಸಿ. ತುಂಬಾ ಡ್ಯಾಂಗಳಲ್ಲಿ ಮೀನಿನ ಹಕ್ಕು ಗುತ್ತಿಗೆದಾರರಿಗೋ ಮೀನುಗಾರರ ಸಂಘಕ್ಕೋ ಹೋಗಿರುತ್ತದೆ. ಕೇಳಿದರೆ ಸಾಮಾನ್ಯವಾಗಿ ಒಂದು ಗಾಳಕ್ಕೆ ಬೇಡ ಅನ್ನುವುದಿಲ್ಲ, ಕೇಳದೆ ಹೋದರೆ ಜಗಳ.

ಹಾಂ, ಕೆಸರಲ್ಲಿ ಚೇಳುಮೀನೂ ಬೀಳುತ್ತದೆ. ಕಪ್ಪಗೆ, ಮೀಸೆ ಇರುವುದು. ಅದನ್ನು ಬರಿಗೈಲಿ ಬಿಡಿಸಬೇಡಿ, ಪಕ್ಕದ ಮುಳ್ಳಲ್ಲಿ ವಿಷ ಇದೆ. ಒಮ್ಮೆ ನನ್ನ ಹೆಬ್ಬೆರಳಿಗೆ ಚುಚ್ಚಿತು. ಅವತ್ತು ರಾತ್ರಿ ಊಟ ಬಿಟ್ಟು ಬಿಸಿನೀರಿನ ಚೊಂಬಲ್ಲಿ ಕೈ ಇಟ್ಟುಕೊಂಡು ಕೂತಿದ್ದೆ. ಮನೆಯವರೆಲ್ಲ ಅದೇ ಮೀನಿನ ಸಾರು ಉಣ್ಣುತ್ತಿದ್ದರು.